ಒಂದು ಮಾತು, ಎರಡು ಲಿಪಿ: ಶಿಂಡಿಗ್ ಸರ್ವರ್‌ನೊಂದಿಗೆ ಮೊದಲ ಹೆಜ್ಜೆ

ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಕಂಪ್ಯೂಟರ್ ಓದಿದವನಲ್ಲ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಕಡೆ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಕಲಿತವರು ಇದ್ದಾರೆ. ಅವರಿಗೆ ಮಾತು ಬರ್ತದೆ, ಅಕ್ಷರ ಬರೋದಿಲ್ಲ. ಅವರು ನೋಡುವ ಜಾಲಪುಟದೊಳಗೇ ‘ದಿನಕ್ಕೊಂದು ಪದ’ ತೋರಿಸುವ ಸಣ್ಣ ಪೆಟ್ಟಿಗೆ ಕೂರಿಸಬಹುದೇ? ಈ ಪ್ರಶ್ನೆ ನನ್ನನ್ನು ಅಪಾಚೆ ಶಿಂಡಿಗ್‌ವರೆಗೆ ತಂದಿತು.

1. ಶಿಂಡಿಗ್ ಎಂದರೆ ಏನು?

2007ರ ನವೆಂಬರ್‌ನಲ್ಲಿ ಗೂಗಲ್ ‘ಓಪನ್‌ಸೋಷಿಯಲ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಒಮ್ಮೆ ಬರೆದ ಪುಟ್ಟ ಆ್ಯಪ್ ಆರ್ಕುಟ್‌ನಲ್ಲೂ ಮೈಸ್ಪೇಸ್‌ನಲ್ಲೂ ನಡೆಯಬೇಕು ಅನ್ನೋದು ಅದರ ಆಶಯ. ಆ ಆ್ಯಪ್‌ಗೆ ‘ಗ್ಯಾಜೆಟ್’, ಅದಕ್ಕೆ ಜಾಗ ಕೊಡುವ ತಾಣಕ್ಕೆ ‘ಕಂಟೇನರ್’ ಎಂದು ಹೆಸರು. ಕಂಟೇನರ್ ಕಟ್ಟಲು ಬೇಕಾದ ಮುಕ್ತ ತಂತ್ರಾಂಶವೇ ಶಿಂಡಿಗ್.

ಗ್ಯಾಜೆಟ್ ಅಂದ್ರೆ ಪಡಸಾಲೆಯಲ್ಲಿ ಕೂತ ಅತಿಥಿ ಇದ್ದಂಗ. ಐಫ್ರೇಮ್ ಎಂಬ ಚೌಕಟ್ಟು ದಾಟಿ ಅದು ಒಳಮನೆಗೆ ಬರುವಂತಿಲ್ಲ. ಪುಟ ಯಾರದು, ನೋಡುತ್ತಿರುವವರು ಯಾರು, ಅವರ ಗೆಳೆಯರು ಯಾರು ಎಂಬುದನ್ನು ಅದು ಮನೆಯವರನ್ನು ಕೇಳಿಯೇ ತಿಳಿಯಬೇಕು.

2. ಶುರು ಮಾಡೋದು ಹೇಗೆ?

ಜಾವಾ ಮತ್ತು ಮೇವನ್ ಬೇಕು. ಕೋಡ್ ಹಳೆಯದು, ಆದ್ದರಿಂದ ಹಳೆಯ ಜಾವಾ ಆವೃತ್ತಿಯೇ ಹೊಂದುತ್ತದೆ. ಮೂಲ ಕೋಡ್ ಇಳಿಸಿಕೊಂಡು ಮೇವನ್‌ನಿಂದ ಕಟ್ಟಿ, ಅದರ ‘ರನ್’ ಪ್ರೊಫೈಲ್ ಓಡಿಸಿದರೆ ನಿಮ್ಮದೇ ಯಂತ್ರದ 8080ನೇ ಪೋರ್ಟ್‌ನಲ್ಲಿ ಸರ್ವರ್ ಏಳುತ್ತದೆ. ಮಾದರಿ ಕಂಟೇನರ್ ಜೊತೆಗೇ ಇರುತ್ತದೆ. ಅದರಲ್ಲಿ ಜಾನ್ ಡೋ, ಜೇನ್ ಡೋ ಎಂಬ ಕಲ್ಪಿತ ಬಳಕೆದಾರರಿದ್ದಾರೆ.

ಗ್ಯಾಜೆಟ್ ಒಂದು ಎಕ್ಸ್‌ಎಂಎಲ್ ಕಡತ. ಅದನ್ನು ಯುಟಿಎಫ್-8ರಲ್ಲೇ ಉಳಿಸಿ. ಶಿಂಡಿಗ್ ಅದನ್ನು ತಾನೇ ಹೋಗಿ ತರುವುದರಿಂದ ಕಡತಕ್ಕೊಂದು ಜಾಲವಿಳಾಸ ಬೇಕು, ಫೋಲ್ಡರ್‌ನ ದಾರಿ ಕೊಟ್ಟರೆ ನಡೆಯದು. ಇನ್ನೊಂದು ಮಾತು: ನಾನು ಪದ ಬದಲಿಸಿದರೂ ಪರದೆಯ ಮೇಲೆ ಹಳೆಯದೇ ಬರ್ತಿತ್ತು. ಅರ್ಧ ದಿನ ಹೋಯ್ತು! ಶಿಂಡಿಗ್ ಹಳೆಯ ಪ್ರತಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ವಿಳಾಸದ ಕೊನೆಗೆ ‘ನೋಕ್ಯಾಶ್=1’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಹೊಸದು ಬರುತ್ತದೆ.

3. ತೊಡಕು ಇರೋದು ಭಾಷೆಯಲ್ಲಿ

ಗ್ಯಾಜೆಟ್‌ನಲ್ಲಿ ‘ಲೊಕೇಲ್’ ಎಂಬ ಸೌಲಭ್ಯವಿದೆ. ಭಾಷೆಗೊಂದು ಸಂದೇಶ ಕಡತ ಇಟ್ಟರೆ ನೋಡುವವರ ಭಾಷೆಗೆ ತಕ್ಕದ್ದನ್ನು ಸರ್ವರ್ ಆರಿಸುತ್ತದೆ. ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’. ಲೊಕೇಲ್‌ಗೆ ಗೊತ್ತಿರುವುದು ಭಾಷೆ ಮತ್ತು ದೇಶ ಮಾತ್ರ. ಲಿಪಿ ಅದರ ಲೆಕ್ಕದಲ್ಲಿಲ್ಲ. ದೇವನಾಗರಿಯಲ್ಲಿ ಬರೆದ ಕನ್ನಡವನ್ನು ಎಲ್ಲಿ ಇಡಬೇಕು? ನಾನು ಮೊದಲು ‘ಎಂಆರ್’ ಕಡತದಲ್ಲಿ ಇಟ್ಟೆ. ಕೆಲಸವೇನೋ ಆಯ್ತು. ಆದರೆ ನಮ್ಮ ಮನೆಮಾತಿಗೆ ನಾನೇ ಮರಾಠಿ ಎಂದು ಚೀಟಿ ಅಂಟಿಸಿದ್ದೆ.

ಈಗ ‘ಕೆಎನ್’ ಕಡತದಲ್ಲೇ ಪ್ರತಿ ಪದವನ್ನು ಎರಡೂ ಲಿಪಿಯಲ್ಲಿ ಇಟ್ಟಿದ್ದೇನೆ. ಮೇಲೆ ಕನ್ನಡ, ಕೆಳಗೆ ದೇವನಾಗರಿ. ಮೊದಲ ಪದ ‘ತುಪ್ಪ’. ಮರಾಠಿಯ ‘ತೂಪ’ ಅದರ ನಂಟೇ ಆದ್ದರಿಂದ ಓದುವವರಿಗೆ ಪರಕೀಯ ಅನಿಸೋದಿಲ್ಲ.

4. ಚರ್ಚೆಯಿಂದ

ಪ್ರಶ್ನೆ: ದೇವನಾಗರಿ ಕೊಟ್ಟರೆ ಕನ್ನಡ ಲಿಪಿ ಯಾರು ಕಲಿತಾರು?

ಉತ್ತರ: ಸರ್, ಈ ಅಂಜಿಕೆ ನನಗೂ ಇದೆ. ಮರಾಠಿ ಓದುಗರು ಬಲ್ಲ ದೇವನಾಗರಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿಲ್ಲ. ಅಲ್ಲಿ ‘ಕೊಡು’, ‘ಕೋಡು’ ಎರಡೂ ಒಂದೇ; ‘ಕೆಡು’, ‘ಕೇಡು’ ಕೂಡ. ಮಾತು ಬಲ್ಲವರಿಗೆ ಇಲ್ಲೇನೋ ತಪ್ಪಿದೆ ಅಂತ ತಟ್ಟನೆ ತಿಳಿಯುತ್ತದೆ, ಕಣ್ಣು ಮೇಲಿನ ಸಾಲಿಗೆ ಹೋಗುತ್ತದೆ. ಕಲಿಕೆ ಅಲ್ಲಿಂದ ಶುರುವಾಗಲಿ ಎಂಬುದು ನನ್ನ ಆಸೆ. ಇದೇ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಆ ಅಕ್ಷರ ಇಲ್ಲಿಗೆ ಹೊಸತಲ್ಲ.

ಪ್ರಶ್ನೆ: ಶಿಂಡಿಗ್ ಇನ್ನೂ ನಡೀತದೇನು?

ಉತ್ತರ: ಇಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 2015ರಲ್ಲಿ ಅಪಾಚೆ ಶಿಂಡಿಗ್ ಅನ್ನು ನಿವೃತ್ತಗೊಳಿಸಿತು. ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ, ಹಾಗಾಗಿ ಸಾರ್ವಜನಿಕ ಸರ್ವರ್‌ನಲ್ಲಿ ಹಾಕಬೇಡಿ. ನಿಮ್ಮ ಯಂತ್ರದಲ್ಲೇ ಕಲಿಯಿರಿ. ನನ್ನ ಪದಗಳ ಕಡತ ಮಾತ್ರ ಬೇರೆಯೇ ಇದೆ. ನಾಳೆ ಅದನ್ನು ಬೇರೆ ಪಡಸಾಲೆಯಲ್ಲಿ ಕೂರಿಸಬಹುದು.