ಬೇಸಿಗೆಯ ಹಾದಿಯಲ್ಲಿ ಆರೋಗ್ಯ

ಬೇಸಿಗೆಯ ರಜೆಯಲ್ಲಿ ಅಹಮದಾಬಾದಿನಿಂದ ಕಾರಿನಲ್ಲಿ ಊರಿಗೆ ಹೊರಡುವ ಕನ್ನಡ ಕುಟುಂಬಗಳು ವಡೋದರಾ, ಸೂರತ್ ದಾಟಿ, ಪನವೇಲಿನಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕಾರವಾರದತ್ತ ಸಾಗುತ್ತವೆ. ದಾರಿಯುದ್ದಕ್ಕೂ ಬೇಸಿಗೆಯ ಸ್ವಭಾವ ಬದಲಾಗುತ್ತದೆ. 2016ರ ಮೇ 20ರಂದು 48 ಡಿಗ್ರಿ ಸೆಲ್ಸಿಯಸ್ ಕಂಡ ಅಹಮದಾಬಾದಿನ ಒಣಹವೆಯಲ್ಲಿ ಬೆವರು ಕಾಣುವ ಮೊದಲೇ ಆರುತ್ತದೆ. ದೇಹ ನೀರು ಕಳೆದುಕೊಂಡದ್ದು ತಿಳಿಯದು. ಕರಾವಳಿಯಲ್ಲಿ ಉಷ್ಣಾಂಶ ಕಡಿಮೆಯಿದ್ದರೂ ತೇವದ ಗಾಳಿಯಲ್ಲಿ ಬೆವರು ಬೇಗ ಆರದು, ಮೈ ತಣಿಯದು. ಆದುದರಿಂದ ಎರಡೆಡೆಯೂ ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಕ್ಷಣಕಾಲವೂ ಬಿಡಬಾರದು. ಬಿಸಿಲಿಗೆ ಬಳಲಿದವರ ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ನೆರಳಿಗೆ ಒಯ್ದು, ಮೈಗೆ ನೀರೆರಚಿ, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ನಡುಹಗಲು ತಂಗಿ, ಊರನ್ನು ಒಂದು ದಿನ ತಡವಾಗಿ ತಲಪಿದರೆ ನಷ್ಟವೇನೂ ಇಲ್ಲ.