ಅಲ್ಕಾಲಾ ಶಾಯಿ ಹಾಕಿದರೆ

ಅಮೆರಿಕದ ಕಾಮಿಕ್ಸ್ ಕಂಪನಿಗಳಲ್ಲಿ ಒಬ್ಬರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದರೆ ಇನ್ನೊಬ್ಬರು ಅದಕ್ಕೆ ಶಾಯಿ ಹಾಕುತ್ತಾರೆ. ಶಾಯಿಯವರ ಹೆಸರು ಎರಡನೆಯದು. ಓದುಗರು ಅದನ್ನು ಗಮನಿಸುವುದೂ ಅಪರೂಪ. ಫಿಲಿಪೀನ್ಸ್‌ನ ಅಲ್ಫ್ರೆಡೊ ಅಲ್ಕಾಲಾ ಕೈಗೆ ಪುಟ ಸಿಕ್ಕಿದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತಿತ್ತು.

ಮಾರ್ವೆಲ್ 1974ರಲ್ಲಿ ಶುರುಮಾಡಿದ ‘ಸ್ಯಾವೇಜ್ ಸೋರ್ಡ್ ಆಫ್ ಕೊನಾನ್’ ಕತ್ತಿವೀರ ಕೊನಾನ್‌ನ ಕಥೆಗಳ ಕಪ್ಪು–ಬಿಳುಪಿನ ಪತ್ರಿಕೆ. ಖಾಲಿ ಜಾಗವನ್ನು ಬಣ್ಣದಿಂದ ಮುಚ್ಚಿಬಿಡುವ ಅನುಕೂಲ ಅಲ್ಲಿರಲಿಲ್ಲ. ಎರಡನೇ ಸಂಚಿಕೆಯ ‘ಬ್ಲ್ಯಾಕ್ ಕೊಲೋಸಸ್’ ಕಥೆಗೆ ಪೆನ್ಸಿಲ್ ಹಿಡಿದವರು ಜಾನ್ ಬುಸೆಮಾ. ಅದರ ಮೇಲೆ ಅಲ್ಕಾಲಾ ಕೂದಲೆಳೆಯಂಥ ಗೀರುಗಳನ್ನು ಒತ್ತೊತ್ತಾಗಿ ಎಳೆದರು. ಗೋಡೆಯ ಕಲ್ಲು ಕೈಗೆ ತರಿಯಾಗಿ ತಾಗುವಂತಾಯಿತು, ನೆರಳಿಗೂ ತೂಕ ಬಂತು. ಬುಸೆಮಾಗೆ ಇದು ಹಿಡಿಸಲಿಲ್ಲ. ತನ್ನ ಚಿತ್ರವನ್ನೇ ನುಂಗಿದರೆಂಬ ಅಸಮಾಧಾನ. ದೂರು ಸುಳ್ಳೇನಲ್ಲ. ಆದರೂ ಆ ಪುಟಗಳನ್ನು ಮೆಚ್ಚಿ ಕಾಪಿಟ್ಟುಕೊಂಡ ಓದುಗರ ಪಕ್ಷವೇ ನನ್ನದು.

ಅಲ್ಕಾಲಾ ಹುಟ್ಟಿದ್ದು 1925ರಲ್ಲಿ, ನೆಗ್ರೋಸ್ ದ್ವೀಪದ ತಾಲಿಸಾಯ್‌ನಲ್ಲಿ. ಓದು ಅರ್ಧಕ್ಕೇ ನಿಂತಿತು. ಬೋರ್ಡು ಬರೆದರು, ಕಬ್ಬಿಣದ ಕೆಲಸದ ಅಂಗಡಿಯಲ್ಲಿ ತೂಗುದೀಪ, ಮೇಜಿನ ದೀಪಗಳಿಗೆ ವಿನ್ಯಾಸ ಮಾಡಿದರು. ಯುದ್ಧಕಾಲದಲ್ಲಿ ಜಪಾನಿ ಸೈನಿಕರ ಕಾವಲುಕೋಟೆಗಳನ್ನು ಕಣ್ಣಲ್ಲೇ ತುಂಬಿಕೊಂಡು ಬಂದು, ನೆನಪಿನಿಂದ ಬರೆದು ಅಮೆರಿಕನ್ ಪಡೆಗಳಿಗೆ ಒದಗಿಸಿದರು. ಕಣ್ಣಿಗೆ ಇದಕ್ಕಿಂತ ಕಠಿಣ ತಾಲೀಮು ಇನ್ನೇನಿದ್ದೀತು! ಕಾಮಿಕ್ಸ್‌ಗೆ ಕಾಲಿಟ್ಟಿದ್ದು 1948ರಲ್ಲಿ.

ಇಷ್ಟೊಂದು ಗೀರುವವರು ಗಡುವಿಗೆ ಪುಟ ಕೊಡುವುದು ಹೇಗೆ? ಕುಂಚವನ್ನು ಮತ್ತೆ ಮತ್ತೆ ಶಾಯಿಗೆ ಅದ್ದುವುದರಲ್ಲೇ ಹೊತ್ತು ಹೋಗುತ್ತದೆಂದು ಅವರು ಫೌಂಟನ್ ಪೆನ್ನಿನ ಹಾಗೆ ಶಾಯಿ ತುಂಬಿಟ್ಟುಕೊಳ್ಳುವ ಕುಂಚವನ್ನೇ ಮಾಡಿಕೊಂಡಿದ್ದರು.

1963ರಲ್ಲಿ ಮನಿಲಾದಲ್ಲಿ ಅವರ ‘ವೋಲ್ಟಾರ್’ ಬಂತು. ಕತ್ತಿ ಹಿಡಿದ ವೀರ, ಪುಟದ ತುಂಬ ಸೈನ್ಯ. ಮಾರ್ವೆಲ್‌ನ ಕೊನಾನ್ ಹುಟ್ಟಿದ್ದು 1970ರಲ್ಲಿ ಎನ್ನುವುದನ್ನು ಗಮನಿಸಿ. 1971ರಲ್ಲಿ ಫಿಲಿಪಿನೊ ಕಲಾವಿದ ಟೋನಿ ಡಿಜುನಿಗಾ ಅವರ ಮೂಲಕ ಡಿಸಿ ಕಾಮಿಕ್ಸ್‌ನ ಸಂಪಾದಕರು ಮನಿಲಾಕ್ಕೆ ಬಂದು ಕಲಾವಿದರನ್ನು ಆರಿಸಿದರು. ಅಲ್ಕಾಲಾ, ನೆಸ್ಟರ್ ರೆಡೊಂಡೊ, ಅಲೆಕ್ಸ್ ನಿನ್ಯೊ ಅವರಿಗೆ ಅಮೆರಿಕದ ಬಾಗಿಲು ತೆರೆದದ್ದು ಹೀಗೆ. ಸಂಭಾವನೆ ಮಾತ್ರ ಅಲ್ಲಿನವರಿಗಿಂತ ಕಡಿಮೆ. 1976ರಲ್ಲಿ ಅಮೆರಿಕಕ್ಕೇ ಹೋಗಿ ನೆಲೆಸಿದ ಅಲ್ಕಾಲಾ ‘ಸ್ವಾಂಪ್ ಥಿಂಗ್’, ‘ಬ್ಯಾಟ್‌ಮನ್’ಗಳಿಗೂ ಶಾಯಿ ಹಾಕಿದರು. 2000ದಲ್ಲಿ ತೀರಿಕೊಂಡರು.

ಫಿಲಿಪೀನ್ಸ್‌ನವರೇ ಆದ ಅರ್ನಿ ಚಾನ್ ಕೂಡ ಬುಸೆಮಾರ ಕೊನಾನ್‌ಗೆ ಶಾಯಿ ಹಾಕಿದ್ದಾರೆ. ಇಬ್ಬರ ಪುಟಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮಾತಿನ ಗುಳ್ಳೆಗಳನ್ನು ಬಿಟ್ಟು ಹಿನ್ನೆಲೆಯನ್ನಷ್ಟೇ ನೋಡಿ. ಅಲ್ಕಾಲಾ ಯಾರೆಂದು ಬೇರೆ ಹೇಳಬೇಕಾಗಿಲ್ಲ.