ಕಲ್ಲಿನ ಮಾತಿಗೆ ಕಾಗದದ ಕಾವಲು

ಮಳೆಗಾಲ ಬಂತೆಂದರೆ ಮೈಸೂರು ಸೀಮೆಯ ಜನ ಪತ್ರಿಕೆಯಲ್ಲಿ ಹುಡುಕುವ ಅಂಕಿಗಳಲ್ಲಿ 2284 ಕೂಡ ಒಂದು. ನೀರಿನ ಮಟ್ಟ ಅಷ್ಟು ಅಡಿ ಮುಟ್ಟಿದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬಿತೆಂದೇ ಲೆಕ್ಕ. 1974ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಹಿನ್ನೀರು ಹೊಲ, ಕಾಡುಗಳ ಜೊತೆಗೆ ಒಂದು ಪ್ರಾಚೀನ ರಾಜಧಾನಿಯ ನೆಲವನ್ನೂ ನುಂಗಿತು. ಅದು ಕಪಿಲೆಯ ದಡದ ಕಿತ್ತೂರು, ಪುನ್ನಾಟದ ಅರಸರ ಕೀರ್ತಿಪುರ.

ಪುನ್ನಾಟ ಚಿಕ್ಕ ರಾಜ್ಯ. ಆದರೂ ಅದರ ಹೆಸರು ದೂರ ಹೋಗಿತ್ತು. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬೆರಿಲ್ ರತ್ನ ಸಿಗುವ ‘ಪೌನ್ನಾಟ’ವೆಂದು ಬರೆದದ್ದು ಈ ಸೀಮೆಯನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಗರ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗ ದುರ್ವಿನೀತನ ಕಾಲಕ್ಕೆ ರಾಜ್ಯ ಗಂಗರ ಕೈಸೇರಿತು. 783ರಲ್ಲಿ ‘ಹರಿವಂಶಪುರಾಣ’ ಬರೆದು ಮುಗಿಸಿದ ಜಿನಸೇನ ಪುನ್ನಾಟ ಸಂಘದ ಮುನಿ.

ಊರು ನೀರಿಗಿಳಿದ ಮೇಲೂ ಈ ಚರಿತ್ರೆ ಉಳಿದಿದೆ, ಏಕೆಂದರೆ ಅದನ್ನು ಯಾರೋ ಬರೆದಿದ್ದರು, ಮತ್ಯಾರೋ ಓದಿ ಅಚ್ಚು ಹಾಕಿಸಿದರು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಬುನಾದಿ ಹಾಕಿದವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂತು. ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳನ್ನು ಪರಿಷ್ಕರಿಸಲು ಹೊರಟಿತು. ಹೆಗ್ಗಡದೇವನಕೋಟೆಯ ಶಾಸನಗಳಿರುವ ಪರಿಷ್ಕೃತ ಮೂರನೆಯ ಸಂಪುಟ ಪ್ರಕಟವಾದದ್ದು 1974ರಲ್ಲಿ, ಅಣೆಕಟ್ಟೆ ಪೂರ್ಣಗೊಂಡ ವರ್ಷವೇ.

ಈ ಸಂಪುಟಗಳ ಹಿಂದಿರುವುದು ಪಡಿಯಚ್ಚು ತೆಗೆಯುವ ಕಸುಬು. ಮೊದಲು ಕಲ್ಲಿನ ಮೇಲಿನ ಹಾವಸೆ, ಮಣ್ಣು, ಎಣ್ಣೆಜಿಡ್ಡನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಹದವಾಗಿ ಬಡಿಯಬೇಕು. ಪೆಟ್ಟು ಜೋರಾದರೆ ಕಾಗದ ಹರಿಯುತ್ತದೆ, ಮೆಲ್ಲಗಾದರೆ ಅಕ್ಷರದ ತಗ್ಗಿಗೆ ಇಳಿಯುವುದಿಲ್ಲ. ಆಮೇಲೆ ಬಟ್ಟೆಯ ಉಂಡೆಯನ್ನು ಮಸಿಗೆ ಅದ್ದಿ ಮೇಲೆಮೇಲೆ ಒತ್ತುತ್ತ ಹೋದರೆ ಕಪ್ಪು ಹಾಳೆಯಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಬಿಸಿಲಿನಲ್ಲಿ ಬರಿಗಣ್ಣಿಗೆ ಕಾಣದ ಗೀರೂ ಆ ಹಾಳೆಯಲ್ಲಿ ಸಿಕ್ಕಿಬೀಳುವುದುಂಟು.

ಹಾಗೆ ಉಳಿದ ಮಾತುಗಳಲ್ಲಿ ಬೆಳತೂರಿನ ದೇಕಬ್ಬೆಯ ಕಥೆಯೂ ಒಂದು. ರೈಸರ ಸಂಪುಟದಲ್ಲಿ ಇದು ಹೆಗ್ಗಡದೇವನಕೋಟೆ ತಾಲ್ಲೂಕಿನ 18ನೆಯ ಶಾಸನ, ಕಾಲ 1057. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ ತಪ್ಪಿಗೆ ದೇಕಬ್ಬೆಯ ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಹೆತ್ತವರು ಬೇಡಿಕೊಂಡರೂ ಕೇಳದೆ ಅವಳು ಬೆಂಕಿಗೆ ಹಾರಿದಳು. ಒಬ್ಬ ಹೆಣ್ಣುಮಗಳ ಸಾವು, ಅಂದಿನ ಕ್ರೂರ ನಂಬಿಕೆ, ಚೋಳರ ಕಾಲದ ದಂಡನೀತಿ, ಜೊತೆಗೆ ಸೊಗಸಾದ ಹಳಗನ್ನಡ ಪದ್ಯ, ಎಲ್ಲವೂ ಒಂದೇ ಕಲ್ಲಿನ ಮೇಲಿವೆ. ಚರಿತ್ರೆ ಬರೆಯುವವರಿಗೆ ಇಂಥ ಸಾಕ್ಷ್ಯ ಬೇರೆಲ್ಲಿ ಸಿಕ್ಕೀತು?

ಮುಳುಗುವ ಸ್ಮಾರಕಗಳನ್ನು ಎತ್ತಿ ಕಟ್ಟಿದ ಉದಾಹರಣೆಗಳೂ ಇವೆ. ಈಜಿಪ್ಟಿನ ಅಬು ಸಿಂಬೆಲ್ ದೇಗುಲಗಳನ್ನು 1964ರಿಂದ 1968ರವರೆಗೆ ಕತ್ತರಿಸಿ ಎತ್ತರದ ಜಾಗಕ್ಕೆ ಸಾಗಿಸಲಾಯಿತು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹೊಸಕನ್ನಂಬಾಡಿಯಲ್ಲಿ ಮತ್ತೆ ತಲೆಯೆತ್ತಿದೆ. ಆದರೆ ಇದು ಅಪಾರ ಹಣ ಬೇಡುವ ಕೆಲಸ. ಊರೂರಿನ ವೀರಗಲ್ಲು, ಮಾಸ್ತಿಗಲ್ಲುಗಳಿಗೆಲ್ಲ ಆ ಭಾಗ್ಯ ದಕ್ಕುವುದಿಲ್ಲ. ಅವುಗಳಿಗೆ ದಾಖಲಾತಿಯೇ ಮೊದಲ ರಕ್ಷಣೆ.

ದಾಖಲಿಸುವ ಕೈಗೆ ಈಗ ಹೊಸ ಉಪಕರಣಗಳೂ ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಬಡಿಯುವುದಿಲ್ಲ, ಮಸಿ ಬಳಿಯುವುದಿಲ್ಲ. ಸವೆದ ಅಕ್ಷರವನ್ನು ಕಂಪ್ಯೂಟರಿನಲ್ಲಿ ಬೇರೆ ಬೇರೆ ಕೋನದಿಂದ ಬೆಳಕು ಹಾಯಿಸಿ ಓದಬಹುದು. ಕಬಿನಿ ಸೀಮೆಯ ಕಲ್ಲುಗಳಿಗೂ ಇಂಥ ಕೆಲಸ ತುರ್ತಾಗಿ ಆಗಬೇಕು. ನಿಧಿಗಳ್ಳರ ಹಾರೆ, ಜೆಸಿಬಿಯ ಹಲ್ಲು, ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿಯುವ ಬಣ್ಣ, ಇವು ಅಣೆಕಟ್ಟೆಯ ಹಾಗೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಅಲುಗಿಸದೆ, ಇದ್ದಲ್ಲಿಯೇ ಮುಂಭಾಗದ, ಎರಡೂ ಬದಿಯ ಫೋಟೊ ತೆಗೆದು, ಊರು ಮತ್ತು ಜಾಗದ ವಿವರ ಬರೆದಿಡಬೇಕು. ಸುಣ್ಣ, ಬಣ್ಣ, ಆಸಿಡ್ ಸೋಕಿಸಬಾರದು. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗವೂ 1966ರಲ್ಲಿ ಊಟಿಯಿಂದ ಇಲ್ಲಿಗೆ ಬಂದು ನೆಲೆಸಿದೆ. ಬೀಚನಹಳ್ಳಿಯ ಸುತ್ತಲಿನ ಶಾಲೆಗಳ ಮೇಷ್ಟರುಗಳು ಪರಿಷ್ಕೃತ ಮೂರನೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೆಸರಿರುವ ಕಲ್ಲುಗಳಲ್ಲಿ ಯಾವುವು ಇಂದಿಗೂ ನಿಂತಿವೆ ಎಂದು ಮಕ್ಕಳ ಜೊತೆ ಊರೂರು ನೋಡಿ ಬಂದರೆ, ಆ ಪಟ್ಟಿಯಿಂದಲೇ ಮುಂದಿನ ಕೆಲಸ ಶುರುವಾಗಬಹುದು.